ಅಣೆಕಟ್ಟಿನ ಪುಟ್ಟ ಮಾದರಿಗೂ ತತ್ವಶಾಸ್ತ್ರಕ್ಕೂ ಏನು ಸಂಬಂಧ?

ಸಂಬಂಧ ಇದೆ, ಅದೂ ಜಾಸ್ತಿನೇ. ಸಾಗರದ ಶಾಲೆಯೊಂದರಲ್ಲಿ ಮಕ್ಕಳು ಥರ್ಮಾಕೋಲ್‌ನಲ್ಲಿ ಲಿಂಗನಮಕ್ಕಿ ಕಟ್ಟಿದ್ದರು. ಗೇಟು, ಬಣ್ಣ ಎಲ್ಲ ಥೇಟ್ ಹಾಗೇ. ನೀರು ಬಿಟ್ಟರೆ ಮಾತ್ರ ಸುಮ್ನೆ ತೊಟ್ಟಿಕ್ಕುತ್ತಿತ್ತು. ಎಂಜಿನಿಯರ್‌ಗೆ ಇಷ್ಟು ಹೋಲಿಕೆ ಸಾಲದು. ಮಾದರಿ 100 ಪಟ್ಟು ಚಿಕ್ಕದಾದರೆ ಕೋಡಿ ನೀರಿನ ವೇಗ 10 ಪಟ್ಟು ಮಾತ್ರ ಕಡಿಮೆ ಇರಬೇಕು. ಹಡಗುಗಳ ಮಾದರಿಗೆ ಈ ಲೆಕ್ಕ ಬಳಸಿದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್. ಇಲ್ಲಿ ಉಳಿಯಬೇಕಾದದ್ದು ಭಾಗಗಳ ನಡುವಿನ ಸಂಬಂಧ, ಅಲ್ವಾ? ಭೌತವಿಜ್ಞಾನಿ ಹೆರ್ಟ್ಸ್ 1894ರಲ್ಲಿ ಬಂದ ಪುಸ್ತಕದಲ್ಲಿ ಮನಸ್ಸಿನೊಳಗಿನ ಚಿತ್ರಗಳ ಬಗ್ಗೆ ಇಂಥದ್ದೇ ಮಾತು ಹೇಳಿದ್ದರು. ಅವರನ್ನು ಓದಿದ್ದ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಮೊದಲು ಮ್ಯಾಂಚೆಸ್ಟರ್‌ನಲ್ಲಿ ವಿಮಾನ ಎಂಜಿನಿಯರಿಂಗ್ ಕಲಿತವರು. ಪ್ಯಾರಿಸ್ ಕೋರ್ಟಿನಲ್ಲಿ ಗೊಂಬೆಗಳನ್ನಿಟ್ಟು ಕಾರು ಅಪಘಾತ ತೋರಿಸಿದ್ದನ್ನು ನೆನೆದು, ವಾಕ್ಯವೂ ಹೀಗೇ ಲೋಕದ ಒಂದು ಮಾದರಿ ಅಂತ 1914ರಲ್ಲಿ ಟಿಪ್ಪಣಿ ಬರೆದರು. ಆಮೇಲೆ ಆ ವಾದವನ್ನು ಅವರೇ ಕೈಬಿಟ್ಟರು, ಅದು ಬೇರೆ ಕಥೆ.