ಕಾಣದ ಮುಖವನ್ನು ಕಾಣದಂತೆಯೇ ಬಿಡಿ

ನಮಸ್ಕಾರ.

‘ಬೆನ್-ಹರ್ ಕಲಿಸುವ ಏಳು ಆತ್ಮಿಕ ಪಾಠಗಳು’ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಂತ ‘ವಿಷಾದವಿದೆ’ ಎಂದು ಎರಡು ಸಾಲು ಬರೆದು ಮುಗಿಸುವ ಬರಹವೂ ಅಲ್ಲ ಇದು. ಒಳಗೆ ಒಂದು ಒಳ್ಳೆಯ ಲೇಖನ ಇದೆ. ಅದರ ಮೇಲೆ ನೀವೇ ಜಾಸ್ತಿ ಮಣ್ಣು ಹಾಕಿದ್ದೀರಿ.

ನೀವು ಆರಿಸಿಕೊಂಡ ವಿಷಯದ ಬಗ್ಗೆ ನನ್ನ ತಕರಾರಿಲ್ಲ. ವಿಲಿಯಂ ವೈಲರ್ ನಿರ್ದೇಶಿಸಿದ 1959ರ ‘ಬೆನ್-ಹರ್’ ಚಿತ್ರ ಮೂರೂವರೆ ಗಂಟೆ ಓಡುತ್ತದೆ. ಅದರಲ್ಲಿ ಯೇಸು ಇದ್ದಾನೆ, ಆದರೆ ಕ್ಯಾಮೆರಾ ಆತನ ಮುಖ ತೋರಿಸುವುದಿಲ್ಲ, ದನಿ ಕೇಳಿಸುವುದಿಲ್ಲ. ಬೆನ್ನು, ಕೈ, ತಲೆಗೂದಲು, ದೂರದ ಬೆಟ್ಟದ ಮೇಲೊಂದು ಆಕೃತಿ, ಅಷ್ಟೇ. ಆ ಪಾತ್ರ ಮಾಡಿದವರು ಕ್ಲಾಡ್ ಹೀಟರ್ ಎಂಬ ಒಪೆರಾ ಗಾಯಕ. ಹಾಡುಗಾರನನ್ನು ಕರೆತಂದು ಒಂದು ಮಾತೂ ಆಡಿಸಲಿಲ್ಲ, ತಮಾಷೆ ಅಲ್ವಾ? ಯೇಸು ಬಂದ ಎಂದು ನಮಗೆ ತಿಳಿಸುವ ಕೆಲಸವನ್ನು ಬಹುಪಾಲು ಸಂಗೀತವೇ ಮಾಡುತ್ತದೆ. ಅದಕ್ಕಾಗಿ ಸಂಗೀತ ಸಂಯೋಜಕ ಮಿಕ್ಲೋಸ್ ರೋಜಾ ಆರ್ಗನ್ ಬಳಸಿದ್ದಾರೆ. ಇಂಥ ಚಿತ್ರ ಎದುರಿಗಿದೆ. ನೀವು ಮಾತ್ರ ಚಿತ್ರದ ನಾಯಕ ಜೂಡಾನ ಬಗ್ಗೆ ಪ್ರತಿ ಪಾಠದ ಕೊನೆಗೂ ‘ಹೀಗೆ ದೇವರು ಜೂಡಾನ ಕೈಬಿಡಲಿಲ್ಲ, ನಮ್ಮನ್ನೂ ಕೈಬಿಡನು’ ಎಂದು ಬರೆದಿದ್ದೀರಿ. ಏಳು ಸಲ. ಚಿತ್ರ ಬೇಕೆಂದೇ ಹೇಳದೆ ಉಳಿಸಿದ್ದನ್ನು ನೀವು ಬಾಯಿಬಿಟ್ಟು ಹೇಳಿಬಿಟ್ಟರೆ ಓದುಗರಿಗೆ ಉಳಿಯುವುದೇನು?

ನಜರೇತಿನ ಬಾವಿಯ ದೃಶ್ಯ ನೋಡಿ. ನಿಮ್ಮ ಎರಡನೇ ಪಾಠ ಅದು. ‘ಯೇಸು ನೀರು ಕೊಟ್ಟು ಪ್ರೀತಿ ತೋರಿಸಿದನು’ ಎಂದು ಒಂದೇ ಸಾಲಿನಲ್ಲಿ ದಾಟಿ 23ನೇ ಕೀರ್ತನೆಗೆ ಹಾರಿದ್ದೀರಿ. ಯಾಕೆ ಇಷ್ಟು ಅವಸರ? ಜೂಡಾನನ್ನು ಹಡಗಿನ ಹುಟ್ಟು ಹಾಕಲು ಸರಪಳಿ ಕಟ್ಟಿ ಎಳೆದೊಯ್ಯುತ್ತಿದ್ದಾರೆ. ಬಾವಿಯ ಹತ್ತಿರ ಎಲ್ಲರಿಗೂ ನೀರು ಸಿಗುತ್ತದೆ. ಇವನಿಗೆ ಮಾತ್ರ ಬೇಡ ಎಂದು ರೋಮನ್ ಅಧಿಕಾರಿ ತಡೆಯುತ್ತಾನೆ. ಇವನು ನೆಲಕ್ಕೆ ಬಿದ್ದು ದೇವರೇ ಎನ್ನುತ್ತಾನೆ. ಆಗ ಒಂದು ಕೈ ಬರುತ್ತದೆ. ತಲೆಯ ಮೇಲೆ ನೀರು ಹನಿಸುತ್ತದೆ, ಕುಡಿಸುತ್ತದೆ. ಅಧಿಕಾರಿ ಚಾಟಿ ಹಿಡಿದು ಬೈಯುತ್ತಾ ನುಗ್ಗುತ್ತಾನೆ. ನೀರು ಕೊಟ್ಟವನು ಎದ್ದು ನಿಲ್ಲುತ್ತಾನೆ. ನಮಗೆ ಕಾಣುವುದು ಅವನ ಬೆನ್ನು. ಎದುರಿಗೆ ಅಧಿಕಾರಿಯ ಮುಖ. ಆ ಮುಖ ಬಿಗಿಯುತ್ತದೆ, ಸಡಿಲವಾಗುತ್ತದೆ, ಗಲಿಬಿಲಿಯಾಗುತ್ತದೆ. ಪಕ್ಕಕ್ಕೆ ತಿರುಗುತ್ತಾನೆ, ಮತ್ತೆ ನೋಡುತ್ತಾನೆ, ನೋಡಲಾರದೆ ಹಿಂದೆ ಸರಿಯುತ್ತಾನೆ.

ನಿಮ್ಮ ಇಡೀ ಲೇಖನ ಆ ಅಧಿಕಾರಿಯ ಮುಖದಲ್ಲಿದೆ. ಅವನು ಭಕ್ತನಲ್ಲ, ಶಿಷ್ಯನಲ್ಲ, ಮುಂದೆ ಮಾನಸಾಂತರ ಆಯಿತೆಂದೂ ಚಿತ್ರ ಹೇಳುವುದಿಲ್ಲ. ಹೆಸರೂ ಇಲ್ಲದ ಸಿಪಾಯಿ. ಆದರೂ ಕಾಣದ್ದನ್ನು ನಾವು ನಂಬುವುದು ಅವನ ಮುಖ ನೋಡಿ. ಅಲ್ಲೇ ಕೂತು ಒಂದು ಪುಟ ಬರೆಯಿರಿ. ಬೈಬಲ್ ವಾಕ್ಯ ಬೇಕಿದ್ದರೆ ವಿಮೋಚನಕಾಂಡದ 33ನೇ ಅಧ್ಯಾಯಕ್ಕೆ ಹೋಗಿ. ಮೋಶೆ ದೇವರ ಮಹಿಮೆ ನೋಡಬೇಕು ಎಂದು ಕೇಳುತ್ತಾನೆ. ಬಂಡೆಯ ಸಂದಿನಲ್ಲಿ ನಿಂತವನಿಗೆ ಕಾಣಸಿಗುವುದು ಹಿಂಭಾಗ ಮಾತ್ರ, ಮುಖ ಅಲ್ಲ. ವೈಲರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೆಗೆದರು ಎಂದು ಮಾತ್ರ ಬರೆಯಬೇಡಿ. ಎರಡನ್ನೂ ಪಕ್ಕಪಕ್ಕ ಇಡಿ, ಸಾಕು. ಓದುಗರು ಜಾಣರಿದ್ದಾರೆ.

ಈ ಮಾತು ಯಾಕೆ ಬಂತೆಂದರೆ, ವೈಲರ್ ‘ಭಕ್ತ ಕ್ರೈಸ್ತ ನಿರ್ದೇಶಕ’ ಎಂದು ಬರೆದಿದ್ದೀರಿ. ಅಲ್ಲ. ಅವರು ಅಲ್ಸಾಸ್‌ನಲ್ಲಿ ಹುಟ್ಟಿದ ಯೆಹೂದಿ. ನನ್ನನ್ನು ಕೇಳಿದರೆ ಇದು ನಿಮ್ಮ ಲೇಖನಕ್ಕೆ ಲಾಭವೇ. ಹಾಗೆಯೇ ಇದು ‘ಬೈಬಲ್ ಕಥೆ’ಯೂ ಅಲ್ಲ. ಜೂಡಾ ಬೆನ್-ಹರ್ ಸುವಾರ್ತೆಗಳಲ್ಲಿ ಎಲ್ಲೂ ಬರುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದ ಲ್ಯೂ ವಾಲೇಸ್ 1880ರಲ್ಲಿ ಬರೆದ ಕಾದಂಬರಿಯ ನಾಯಕ ಅವನು. ಸಂಡೇ ಸ್ಕೂಲ್ ಮಕ್ಕಳೂ ಪತ್ರಿಕೆ ಓದುತ್ತಾರೆ. ನಾಳೆ ಅವರು ಮತ್ತಾಯನಲ್ಲಿ ಇವನನ್ನು ಹುಡುಕುವುದು ಬೇಡ.

ಇನ್ನು ನಾಲ್ಕನೇ ಪಾಠ. ಇದಕ್ಕೆ ನನ್ನ ಆಕ್ಷೇಪ ಗಟ್ಟಿಯಾಗಿಯೇ ಇದೆ. ‘ಕಾಣದ ದೇವರು ಜೊತೆಗಿದ್ದುದರಿಂದ ಜೂಡಾ ರಥದ ಓಟ ಗೆದ್ದನು’ ಎನ್ನುತ್ತೀರಿ. ಚಿತ್ರ ಹೇಳುವುದು ಹೆಚ್ಚುಕಡಿಮೆ ಇದರ ತಿರುಗುಮುರುಗು. ಗೆದ್ದ ಮೇಲೆ ಅವನಿಗೆ ಸಿಕ್ಕಿದ್ದೇನು? ಓಟದಲ್ಲಿ ಸೋತು ಸಾಯುತ್ತಿರುವ ಎದುರಾಳಿ ಮೆಸ್ಸಾಲಾ, ಜೂಡಾನ ತಾಯಿ, ತಂಗಿ ಕುಷ್ಠರೋಗಿಗಳ ಕಣಿವೆಯಲ್ಲಿದ್ದಾರೆ ಎಂದು ಹೇಳಿ, ಓಟ ಇನ್ನೂ ಮುಗಿದಿಲ್ಲ ಎಂದು ಚುಚ್ಚಿ ಸಾಯುತ್ತಾನೆ. ಗೆದ್ದವನ ಎದೆಯಲ್ಲಿ ದ್ವೇಷ ಇನ್ನೂ ಜಾಸ್ತಿಯಾಗುತ್ತದೆ. ದೇವರು ಜೊತೆಗಿದ್ದರೆ ಗೆಲುವು ಎಂದು ಒಮ್ಮೆ ಬರೆದರೆ, ಸೋತ ಓದುಗ ಏನೆಂದುಕೊಳ್ಳಬೇಕು? ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಮ್ಮ ಪತ್ರಿಕೆ ಓದುವವರಿದ್ದಾರೆ. ಆ ಪಾಠ ಪೂರ್ತಿ ತೆಗೆದುಬಿಡಿ.

ಅದರ ಬದಲು ಹಡಗಿನ ದೃಶ್ಯ ಹಾಕಿ. ನೀವು ಅದನ್ನು ಮುಟ್ಟೇ ಇಲ್ಲ. ಜೂಡಾನ ಹೆಸರು ಹೋಗಿ ಈಗ ಅವನು 41ನೇ ನಂಬರು. ಯುದ್ಧಕ್ಕೆ ಮುಂಚೆ ಎಲ್ಲರ ಕಾಲಿಗೂ ಸರಪಳಿ ಬೀಳುತ್ತದೆ. ಇವನೊಬ್ಬನಿಗೆ ಬೇಡ ಎಂದು ದಳಪತಿ ಅರಿಯಸ್ ಹೇಳುತ್ತಾನೆ. ಹಿಂದೊಮ್ಮೆಯೂ ಒಬ್ಬ ತನಗೆ ಸಹಾಯ ಮಾಡಿದ್ದ, ಯಾಕೆಂದು ಆಗ ಗೊತ್ತಾಗಲಿಲ್ಲ ಎಂಬರ್ಥದ ಮಾತನ್ನು ಜೂಡಾ ಆಗ ಆಡುತ್ತಾನೆ. ಅಷ್ಟು ವರ್ಷ ಹುಟ್ಟು ಹಾಕಿದ ಮೇಲೂ ಆ ನೀರು ನೆನಪಿದೆ. ದೇವರು ಕಾಣದೆ ಜೊತೆಗಿರುವುದು ಎಂದರೆ ಹೀಗೂ ಇರಬಹುದು. ಆ ಹೊತ್ತಿಗೆ ಅರ್ಥವಾಗಿರುವುದಿಲ್ಲ. ಜೂಡಾ ಅದೇ ಮನುಷ್ಯನನ್ನು ಗುರುತು ಹಿಡಿಯುವುದು ಶಿಲುಬೆಯ ದಿನ. ಆತ ಶಿಲುಬೆ ಹೊತ್ತು ಬಿದ್ದಾಗ ಜೂಡಾ ತಾನೇ ನೀರು ತೆಗೆದುಕೊಂಡು ಹತ್ತಿರ ಹೋಗುತ್ತಾನೆ.

ಏಳನೇ ಪಾಠದಲ್ಲಿ ‘ಯೇಸು ಮುಟ್ಟಿ ತಾಯಿ, ತಂಗಿಯನ್ನು ಗುಣಪಡಿಸಿದನು’ ಎಂದಿದೆ. ಚಿತ್ರದಲ್ಲಿ ಯಾರೂ ಮುಟ್ಟುವುದಿಲ್ಲ. ಆತ ಶಿಲುಬೆಯ ಮೇಲಿದ್ದಾನೆ, ಇವರು ದೂರದ ಗುಹೆಯಲ್ಲಿದ್ದಾರೆ. ಗುಡುಗು, ಕತ್ತಲೆ, ಆಮೇಲೆ ಚರ್ಮ ಶುದ್ಧ. ಶಿಲುಬೆಯ ಬುಡದ ರಕ್ತ ಮಳೆನೀರಿನಲ್ಲಿ ಬೆರೆತು ಹರಿಯುತ್ತದೆ. ಕಾದಂಬರಿಯಲ್ಲಿ ಆ ಗುಣವಾಗುವುದು ಶಿಲುಬೆಗೆ ಮುಂಚೆಯೇ, ಯೇಸು ಯೆರೂಸಲೇಮಿಗೆ ಬರುವ ದಿನ, ಎದುರಿಗೇ. ಚಿತ್ರ ಅದನ್ನು ದೂರಕ್ಕೆ ತಳ್ಳಿತು. ಯಾಕೆ ಎಂದು ಯೋಚಿಸಿ ಬರೆದರೆ ನಿಮ್ಮ ಕೊನೆಯ ಭಾಗ ಸಿಕ್ಕಿತು.

ಸಿನಿಮಾ ಮತ್ತೆ ನೋಡದೆ ತಿದ್ದಲು ಕೂರಬೇಡಿ. ಕಥಾಸಾರಾಂಶದ ಎರಡು ಪುಟ ಬೇಡ, ‘11 ಆಸ್ಕರ್ ಗಳಿಸಿದ’ ಎಂಬುದು ಒಮ್ಮೆ ಬಂದರೆ ಸಾಕು. ಬೈಬಲ್ ವಾಕ್ಯಗಳು ಎರಡೋ ಮೂರೋ ಇರಲಿ. ‘ಏಳು’ ಶೀರ್ಷಿಕೆಯಿಂದಲೇ ಹೋಗಲಿ. ಏಳು ತುಂಬಿಸಲು ಹೋಗಿಯೇ ಅರ್ಧ ಕೆಟ್ಟಿದೆ. ಸುಮಾರು 900 ಪದ ಸಾಕು. ಅದು ಬಂದರೆ ಶುಭ ಶುಕ್ರವಾರದ ಸಂಚಿಕೆಗೆ ನೋಡೋಣ. ಈ ಸಲ ಯೂನಿಕೋಡ್‌ನಲ್ಲೇ ಕಳಿಸಿ, ಕಳೆದ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಒಡೆದು ಬಂದಿದ್ದವು.

ಸಂಪಾದಕ