ಪಕ್ಕದ ಹೊಲದವರಿಗೆ ಪರಿಹಾರ ಬಂತು, ನನಗ್ಯಾಕಿಲ್ಲ?

ಪ್ರಶ್ನೆ: ನನ್ನದೂ ಪಕ್ಕದವರದೂ ಬದುವಿಗೆ ಬದು ಹೊಂದಿದ ಹೊಲ. ಇಬ್ಬರ ತೊಗರಿಯೂ ಮಳೆಗೆ ಕೊಳೆಯಿತು. ಅವರಿಗೆ ಬೆಳೆ ಹಾನಿ ಪರಿಹಾರ ಜಮಾ ಆಗಿದೆ, ನನಗಿಲ್ಲ. ಗ್ರಾಮ ಆಡಳಿತಾಧಿಕಾರಿ ಬೇಕಂತಲೇ ನನ್ನ ಹೆಸರು ಬಿಟ್ಟರಾ?

ಉತ್ತರ: ಮಳೆಗಾಲ ಮುಗಿಯಿತು ಅಂದರೆ ಸಾಕು, ಇದೇ ಪ್ರಶ್ನೆ ಶುರು. ಬಯ್ಯುವುದು ಆಮೇಲೆ ಇರಲಿ, ಮೊದಲು ರಾಜ್ಯ ಸರ್ಕಾರದ 'ಪರಿಹಾರ' ಪೋರ್ಟಲ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ ನೋಡಿ. ವರ್ಷ, ಹಂಗಾಮು, ವಿಪತ್ತಿನ ಬಗೆ ಸರಿಯಾಗಿ ಆರಿಸಿ. ಮಳೆಗೆ ಹೋದ ಬೆಳೆಯನ್ನು ಬರದ ಪಟ್ಟಿಯಲ್ಲಿ ಹುಡುಕಿ "ಏನೂ ಬರ್ತಿಲ್ಲ ಸಾರ್" ಅನ್ನಬೇಡಿ.

ಹೆಸರೇ ಇಲ್ಲವೇ? ಹಾಗಾದರೆ ನಿಮ್ಮ ಎಫ್‌ಐಡಿಗೆ, ಅಂದರೆ ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆಗೆ, ಆ ಸರ್ವೆ ನಂಬರ್ ಸೇರಿಲ್ಲದಿರಬಹುದು. ಎಫ್‌ಐಡಿ ಇದ್ದರೆ ಸಾಲದು, ಪ್ರತಿಯೊಂದು ಸರ್ವೆ ನಂಬರೂ ಅದರೊಳಗೆ ಇರಬೇಕು. ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್ ತೆಗೆದುಕೊಂಡು ಹೋಗಿ ಸೇರಿಸಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸುವವರೆಗೆ ಏನೂ ನಡೆಯಲ್ಲ. ಅಣ್ಣತಮ್ಮಂದಿರ ಜಗಳಕ್ಕೆ ಇಪ್ಪತ್ತು ವರ್ಷ ಖಾತೆ ಬದಲಿಸದೆ ಕೂತು, ಪರಿಹಾರದ ದಿನ ತಾಲ್ಲೂಕು ಕಚೇರಿಯಲ್ಲಿ ಕೂಗಾಡಿದರೆ ಯಾರು ಏನು ಮಾಡಲಿ? ಬೆಳೆ ಸಮೀಕ್ಷೆಯಲ್ಲಿ ತೊಗರಿ ಬದಲು ಬೇರೆ ಬೆಳೆ ನಮೂದಾಗಿದೆಯಾ ಅಂತಲೂ ನೋಡಿ.

ಹೆಸರಿದೆ, "ಜಮಾ ಆಗಿದೆ" ಅಂತಲೂ ತೋರಿಸುತ್ತಿದೆ, ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲವೇ? ದುಡ್ಡು ಹೋಗುವುದು ನೀವು ದಿನಾ ಬಳಸುವ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್‌ಗೆ ಜೋಡಣೆಯಾದ ಖಾತೆಗೆ. ಜೋಡಣೆ ಒಂದು ಸಲಕ್ಕೆ ಒಂದೇ ಖಾತೆಗೆ, ಕೊನೆಗೆ ಜೋಡಿಸಿದ್ದೇ ಗೆಲ್ಲುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳೊತ್ತಿಸಿ ತೆರೆದ ಖಾತೆಯಲ್ಲಿ ದುಡ್ಡು ಸುಮ್ನೆ ಬಿದ್ದಿರುವುದನ್ನು ನೋಡಿದ್ದೇನೆ. "ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೆ" ಅನ್ನಬೇಡಿ, ಅದು ಜೋಡಣೆ ಅಲ್ಲ. ಶಾಖೆಯಲ್ಲಿ ಇದಕ್ಕೇ ಬೇರೆ ಫಾರಂ ಇದೆ. ಯಾವ ಅರ್ಜಿ ಕೊಟ್ಟರೂ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ನಾನಂತೂ ಬರಲ್ಲ.

ಬಂದಿದ್ದು ಕಡಿಮೆ ಅನ್ನುವವರಿಗೆ: ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರ 2025ರಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440. ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಏನೂ ಇಲ್ಲ. ಹತ್ತು ಎಕರೆ ಹೋದರೂ 2 ಹೆಕ್ಟೇರಿಗಷ್ಟೇ, ಅಂದರೆ ಐದು ಎಕರೆಗೆ ಸ್ವಲ್ಪ ಕಡಿಮೆ. 2025ರಲ್ಲಿ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿತು. ಪ್ರತಿ ವರ್ಷ ಸೇರಿಸುತ್ತದೆ ಅಂದುಕೊಂಡು ಸಾಲ ಮಾಡಬೇಡಿ. ಇದು ಮುಂದಿನ ಬಿತ್ತನೆಗೆ ಕೊಡುವ ಸಹಾಯ, ಬೆಳೆಯ ಬೆಲೆ ಅಲ್ಲ.

ಪ್ರಶ್ನೆ: ಬ್ಯಾಂಕಿನವರು ಪರಿಹಾರವನ್ನು ಸಾಲಕ್ಕೆ ಮುರಿದುಕೊಂಡರು.

ಉತ್ತರ: ಹಾಗೆ ಮಾಡಬೇಡಿ ಅಂತ 2024ರ ಬರ ಪರಿಹಾರದ ವೇಳೆ ಸರ್ಕಾರ ಬ್ಯಾಂಕುಗಳಿಗೆ ಹೇಳಿತ್ತು. ಮ್ಯಾನೇಜರಿಗೆ ಬರೆದು ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ. ಬಾಯಿ ಮಾತಿನ ಜಗಳ ಬೇಡ.

ಪ್ರಶ್ನೆ: ಬೇರೆಯವರ ಹೊಲವನ್ನು ಕೋರಿಗೆ (ಪಾಲಿಗೆ) ಮಾಡಿದವನು ನಾನು, ದುಡ್ಡು ಜಮೀನಿನ ಯಜಮಾನರಿಗೆ ಹೋಯಿತು.

ಉತ್ತರ: ಹೋಗುತ್ತದೆ. ಪಹಣಿಯಲ್ಲಿ ಹೆಸರಿದ್ದವರಿಗೇ. ಅನ್ಯಾಯವೇ, ಆದರೆ ಸದ್ಯ ಇರುವ ವ್ಯವಸ್ಥೆ ಇದು. ಮುಂದಿನ ಸಲ ಬಿತ್ತುವ ಮೊದಲೇ ಅವರ ಹತ್ತಿರ ಮಾತಾಡಿ ಬರೆಸಿಕೊಳ್ಳಿ.

ಪ್ರಶ್ನೆ: ಪರಿಹಾರ ಬಂದರೆ ಬೆಳೆ ವಿಮೆ ಸಿಗಲ್ವಾ?

ಉತ್ತರ: ಎರಡೂ ಬೇರೆ ಬೇರೆ. ಆಲಿಕಲ್ಲು, ಜಮೀನು ಮುಳುಗಡೆಯಂಥ ಹಾನಿ ಆದರೆ ವಿಮೆಯವರಿಗೆ 72 ಗಂಟೆಯೊಳಗೆ ತಿಳಿಸಬೇಕು. ಆ ಹೊತ್ತು ಮೀರಿದ ಮೇಲೆ ನನಗೆ ಬರೆಯಬೇಡಿ.

ಪ್ರಶ್ನೆ: ಸಾವಿರ ರೂಪಾಯಿ ಕೊಟ್ಟರೆ ಫೈಲು ಪಾಸು ಮಾಡಿಸ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ. ವಾಟ್ಸ್ಯಾಪ್‌ನಲ್ಲಿ ಒಂದು ಆ್ಯಪ್ ಕೂಡ ಕಳಿಸಿದ್ದಾರೆ.

ಉತ್ತರ: ದುಡ್ಡು ನೇರ ಖಾತೆಗೆ ಬರುವಾಗ ಅವನು ಪಾಸು ಮಾಡಿಸಲು ಯಾವ ಫೈಲಿದೆ? ಆ ಆ್ಯಪ್ ಹಾಕಿಕೊಂಡರೆ ಖಾತೆಯಲ್ಲಿ ಇದ್ದದ್ದೂ ಹೋಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ, ನಿಮ್ಮೂರಿನವನೇ ಆದರೂ.