ಓದುಗರ ಪ್ರಶ್ನೆ, ಕೆಮಿಸ್ಟ್ರಿ ಮೇಡಂ ಉತ್ತರ: ಒಂಟಿ ಸಲ್ಫೇಟ್ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ. ಸಾಲ್ಟ್ ಅನಾಲಿಸಿಸ್‌ನಲ್ಲಿ ಸಲ್ಫೇಟ್ ಬಂದರೆ ನಮಗೆಲ್ಲ ಖುಷಿ, ಬೇಗ ಸಿಕ್ಕಿಬಿಡುತ್ತದೆ. ಆದರೆ ಅಕ್ಕನ ಎಂ.ಎಸ್ಸಿ. ನೋಟ್ಸಿನಲ್ಲಿ ಒಂಟಿ ಸಲ್ಫೇಟ್ ಅಯಾನು (ಆವೇಶ ಹೊತ್ತ ಕಣ) ಇರುವುದೇ ಇಲ್ಲ ಎಂದಿದೆ. ಯಾವುದನ್ನು ನಂಬಲಿ? (ವಿದ್ಯಾರ್ಥಿನಿ, ಬ್ರಹ್ಮಾವರ)

ಉತ್ತರ: ಎರಡನ್ನೂ ನಂಬು ಮಗಳೇ. ನಿನ್ನ ಟೆಸ್ಟ್ ಟ್ಯೂಬಿಗೆ ಬೇರಿಯಂ ಕ್ಲೋರೈಡ್ ಹಾಕಿದ ಕೂಡಲೇ ಹಾಲಿನಂತೆ ಬಿಳಿ ಪ್ರೆಸಿಪಿಟೇಟ್ ಬರುತ್ತದೆ, ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೂ ಕರಗುವುದಿಲ್ಲ. ಅಲ್ಲಿರುವುದು ಸಲ್ಫೇಟೇ, ಅನುಮಾನ ಬೇಡ. ಸಮುದ್ರದ ನೀರಿನಲ್ಲೂ ಅದು ಧಾರಾಳವಾಗಿದೆ, ಕಿಲೋಗೆ ಸುಮಾರು 2.7 ಗ್ರಾಂ.

ಆದರೆ ಟೆಸ್ಟ್ ಟ್ಯೂಬಿನ ಸಲ್ಫೇಟ್ ಯಾವತ್ತೂ ಒಂಟಿಯಲ್ಲ. ಮೊದಲು ಅದರ ಸುತ್ತ ನೀರು ಇರುತ್ತದೆ, ಆಮೇಲೆ ಬೇರಿಯಂ. ಒಂದು ಗಂಧಕ, ನಾಲ್ಕು ಆಕ್ಸಿಜನ್, ಇಷ್ಟು ಸಣ್ಣ ಜಾಗದಲ್ಲಿ ಎರಡು ಹೆಚ್ಚುವರಿ ಋಣ ಆವೇಶ ಇರಬೇಕು. ಅವೆರಡೂ ಒಂದನ್ನೊಂದು ದೂರ ತಳ್ಳುತ್ತವೆ. ಸುತ್ತ ಏನೂ ಇಲ್ಲದ ನಿರ್ವಾತದಲ್ಲಿ ಬಿಟ್ಟರೆ ಒಂದು ಎಲೆಕ್ಟ್ರಾನ್ ಹೊರಗೆ ಹೋಗುತ್ತದೆ, ಉಳಿಯುವುದು ಒಂದೇ ಆವೇಶ. ಇದನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬೋಲ್ಡಿರೆವ್ ಮತ್ತು ಜ್ಯಾಕ್ ಸೈಮನ್ಸ್ 1994ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಕ್ಕನ ನೋಟ್ಸಿನ ವಾಕ್ಯದ ಮೂಲ ಅಲ್ಲಿದೆ. ಮೂರು ಆವೇಶದ ಫಾಸ್ಫೇಟಿನ ಪಾಡು ಇನ್ನೂ ಕಷ್ಟ ಎಂದೂ ಅವರು ತೋರಿಸಿದರು. ಆಮೇಲೆ 2000ರಲ್ಲಿ ಪ್ರಯೋಗವೂ ಲೆಕ್ಕವೂ ಸೇರಿ ಹೇಳಿದ್ದು ಇಷ್ಟು: ಸಲ್ಫೇಟ್ ಎರಡೂ ಆವೇಶ ಹೊತ್ತು ನಿಲ್ಲಬೇಕಾದರೆ ಕನಿಷ್ಠ 3 ನೀರಿನ ಅಣುಗಳಾದರೂ ಜೊತೆಗಿರಬೇಕು. ಅವು ತಮ್ಮ ಹೈಡ್ರೋಜನ್ ಬದಿಯನ್ನು ಸಲ್ಫೇಟಿನ ಆಕ್ಸಿಜನ್ ಕಡೆಗೆ ತಿರುಗಿಸಿ ನಿಂತು ಎಲೆಕ್ಟ್ರಾನನ್ನು ಉಳಿಸಿಕೊಡುತ್ತವೆ. ಸಲ್ಫೇಟಿಗೆ ಒಂದು ಹೈಡ್ರೋಜನ್ ಸೇರಿ ಒಂದೇ ಆವೇಶ ಉಳಿದ ಬೈಸಲ್ಫೇಟಿಗೆ ಈ ತೊಂದರೆಯಿಲ್ಲ. ಅದರಿಂದ ಎಲೆಕ್ಟ್ರಾನ್ ಕೀಳಲು 4 ಎಲೆಕ್ಟ್ರಾನ್ ವೋಲ್ಟಿಗೂ (ಅಣುಗಳ ಲೋಕದಲ್ಲಿ ಶಕ್ತಿಯ ಅಳತೆ) ಹೆಚ್ಚು ಶಕ್ತಿ ಬೇಕು.

ನಮ್ಮ ಪಠ್ಯಪುಸ್ತಕಗಳು ಸಲ್ಫೇಟಿನ ತಲೆಯ ಮೇಲೆ ಎರಡು ಮೈನಸ್ ಬರೆದು ಮುಂದೆ ಹೋಗುತ್ತವೆ. ಇದು ನೀರಿನಲ್ಲಿ ಅಥವಾ ಹರಳಿನಲ್ಲಿ ಮಾತ್ರ ಎಂದು ಒಂದು ಸಾಲು ಸೇರಿಸಿದರೆ ಮಕ್ಕಳಿಗೆ ಎಷ್ಟೋ ಉಪಕಾರವಾದೀತು. ಉಡುಪಿಯಲ್ಲಿ ಪಾಠ ಮಾಡುತ್ತಿದ್ದಷ್ಟು ಕಾಲ ನಾನು ಆ ಸಾಲನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದೆ.

ಪ್ರಶ್ನೆ: ಹಾಗಾದರೆ ನೀರಿನ ಒಂದೇ ಒಂದು ಅಣು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳಬಲ್ಲದೇ? (ಓದುಗರು, ಕುಂದಾಪುರ)

ಉತ್ತರ: ಇಲ್ಲ. ಒಂದು ತುದಿ ಧನ, ಇನ್ನೊಂದು ತುದಿ ಋಣವಾಗಿರುವ ಅಲುಗಾಡದ ಒಂದು ದ್ವಿಧ್ರುವಕ್ಕೆ 1.625 ಡಿಬೈ (ದ್ವಿಧ್ರುವದ ಬಲದ ಅಳತೆ) ಬಲವಿದ್ದರೆ ಎಲೆಕ್ಟ್ರಾನ್ ಹಿಡಿಯಲು ಸಾಕು, ಇದು ಭೌತವಿಜ್ಞಾನಿಗಳಾದ ಫರ್ಮಿ ಮತ್ತು ಟೆಲ್ಲರ್ ಅವರ 1947ರ ಕೆಲಸದಿಂದಲೂ ಇರುವ ಲೆಕ್ಕ. ನೀರಿನದು 1.85. ಆದರೆ ನಿಜವಾದ ಅಣು ಸುಮ್ಮನೆ ನಿಲ್ಲದೆ ತಿರುಗುತ್ತಿರುತ್ತದೆ, ಹಾಗಾಗಿ ವಾಸ್ತವದಲ್ಲಿ ಸುಮಾರು 2.5 ಬೇಕಾಗುತ್ತದೆ. 3.9 ಡಿಬೈ ಇರುವ ಅಸಿಟೋನೈಟ್ರೈಲ್ ಎಂಬ ದ್ರಾವಕದ ಅಣು ಹಿಡಿಯುತ್ತದೆ, ಅದೂ 0.02 ಎಲೆಕ್ಟ್ರಾನ್ ವೋಲ್ಟಿನಷ್ಟು ಸಡಿಲವಾಗಿ.

ಪ್ರಶ್ನೆ: ಮಗ ಎಂ.ಎಸ್ಸಿ. ಮುಗಿಸುತ್ತಿದ್ದಾನೆ. ಋಣ ಅಯಾನುಗಳ ಮೇಲೆ ಥಿಯರೆಟಿಕಲ್ ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡುತ್ತಾನಂತೆ. ಕೆಮಿಸ್ಟ್ರಿ ಎಂದ ಮೇಲೆ ಲ್ಯಾಬ್ ಬೇಡವೇ? ಕಂಪ್ಯೂಟರ್ ಮುಂದೆ ಕೂತು ಒಂದು ಎಲೆಕ್ಟ್ರಾನಿನ ಲೆಕ್ಕ ಹಾಕುವುದರಲ್ಲಿ ಏನಿದೆ? (ತಂದೆ, ಸುರತ್ಕಲ್)

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ನಮ್ಮ ಕಾಲೇಜುಗಳಲ್ಲೂ ಲೆಕ್ಕದವರೆಂದರೆ ಅರ್ಧ ಕೆಮಿಸ್ಟ್ ಎನ್ನುವವರಿದ್ದಾರೆ. ನಾನು ಅದನ್ನು ಖಂಡಿತ ಒಪ್ಪುವುದಿಲ್ಲ. ಆ ಒಂದು ಎಲೆಕ್ಟ್ರಾನಿನ ಲೆಕ್ಕ ಎಷ್ಟು ಕಷ್ಟ ಎಂದು ಸ್ವಲ್ಪ ಕೇಳಿ.

ಎಲ್ಲಕ್ಕಿಂತ ಸರಳ ಋಣ ಅಯಾನು ಹೈಡ್ರೋಜನ್ನಿನದು: ಒಂದು ಪ್ರೋಟಾನ್, ಎರಡು ಎಲೆಕ್ಟ್ರಾನ್. ಪ್ರಯೋಗದ ಪ್ರಕಾರ ಎರಡನೆಯ ಎಲೆಕ್ಟ್ರಾನಿನ ಬಂಧನ (ಅದನ್ನು ಕೀಳಲು ಬೇಕಾದ ಶಕ್ತಿ) 0.754 ಎಲೆಕ್ಟ್ರಾನ್ ವೋಲ್ಟ್. ಆದರೆ ಎಲ್ಲರೂ ಮೊದಲು ಕಲಿಯುವ ಹಾರ್ಟ್ರೀ-ಫಾಕ್ ವಿಧಾನದಲ್ಲಿ ಲೆಕ್ಕ ಹಾಕಿದರೆ ಈ ಅಯಾನು ಉಳಿಯುವುದೇ ಇಲ್ಲ ಎಂಬ ಉತ್ತರ ಬರುತ್ತದೆ! ಕಾರಣ, ಆ ವಿಧಾನದಲ್ಲಿ ಪ್ರತಿ ಎಲೆಕ್ಟ್ರಾನಿಗೆ ಇನ್ನೊಂದರ ಸರಾಸರಿ ಮಾತ್ರ ಕಾಣುತ್ತದೆ. ಸಂಜೆ ಮಂಗಳೂರಿನಿಂದ ಹೊರಟ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮುಂದಿನವರು ಎಡಕ್ಕೆ ವಾಲಿದರೆ ನಾವು ಬಲಕ್ಕೆ ಸರಿಯುತ್ತೇವಲ್ಲ, ಎಲೆಕ್ಟ್ರಾನ್‌ಗಳೂ ಹಾಗೇ ಕ್ಷಣಕ್ಷಣಕ್ಕೆ ಒಂದನ್ನೊಂದು ನೋಡಿ ಸರಿಯುತ್ತವೆ. ಅದನ್ನು ಲೆಕ್ಕಕ್ಕೆ ತರದಿದ್ದರೆ ಅಯಾನೇ ಕೈತಪ್ಪುತ್ತದೆ.

ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ 1944ರಲ್ಲಿ ಇದಕ್ಕೆ ಬಹಳ ಚಂದದ ದಾರಿ ತೋರಿಸಿದರು. ಎರಡು ಎಲೆಕ್ಟ್ರಾನ್‌ಗಳಿಗೂ ಒಂದೇ ಅಳತೆಯ ಜಾಗ ಕೊಡುವ ಬದಲು ಒಂದನ್ನು ಪ್ರೋಟಾನಿನ ಹತ್ತಿರ ಇಟ್ಟರು, ಇನ್ನೊಂದನ್ನು ಮೂರೂವರೆ ಪಟ್ಟಿಗೂ ದೂರ ಹರಡಲು ಬಿಟ್ಟರು. ಅಷ್ಟೇ ಬದಲಾವಣೆಗೆ ಅಯಾನು ನಿಂತಿತು. ನಕ್ಷತ್ರಗಳ ಅಧ್ಯಯನ ಮಾಡುವವರಿಗೆ ಇದು ಯಾಕೆ ಬೇಕಿತ್ತು ಗೊತ್ತೇ? ಸೂರ್ಯನ ಹೊರಪದರದಲ್ಲಿ ಬೆಳಕನ್ನು ತಡೆಹಿಡಿಯುವುದು ಮುಖ್ಯವಾಗಿ ಇದೇ ಅಯಾನು. ಅದನ್ನು 1939ರಲ್ಲಿ ರೂಪರ್ಟ್ ವಿಲ್ಟ್ ಹೇಳಿದ್ದರು.

ದೊಡ್ಡ ಅಣುಗಳಿಗೆ ಬಂದರೆ ಕಷ್ಟ ಇನ್ನೊಂದು ಬಗೆಯದು. ಆಕ್ಸಿಜನ್ ಅಣುವಿನ ಒಟ್ಟು ಶಕ್ತಿ 4,000 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು, ಹೆಚ್ಚುವರಿ ಎಲೆಕ್ಟ್ರಾನಿನ ಬಂಧನ ಬರೀ 0.45. ಅಯಾನಿನ ಶಕ್ತಿ, ಅಣುವಿನ ಶಕ್ತಿ, ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕಳೆದರೆ ದೊಡ್ಡ ಸಂಖ್ಯೆಗಳ ಸಣ್ಣ ತಪ್ಪೇ ಉತ್ತರವನ್ನು ನುಂಗಿಬಿಡುತ್ತದೆ. ಅದಕ್ಕೆ ಸೈಮನ್ಸ್ 1973ರಲ್ಲಿ ಸಹೋದ್ಯೋಗಿಯೊಂದಿಗೆ ಆ ವ್ಯತ್ಯಾಸವನ್ನೇ ನೇರವಾಗಿ ಲೆಕ್ಕ ಹಾಕುವ ವಿಧಾನವನ್ನು ಬೆಳೆಸಿದರು. ಮುಂದೆಯೂ ಋಣ ಅಯಾನುಗಳನ್ನು ಬಿಡಲಿಲ್ಲ.

ಲೆಕ್ಕದ ಕೆಮಿಸ್ಟ್ರಿಗೆ 1998ರಲ್ಲಿ, 2013ರಲ್ಲಿ ನೊಬೆಲ್ ಬಂದಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಈ ಕೆಲಸ ನಡೆಯುತ್ತದೆ. ಮಗನ ಗಣಿತ ಗಟ್ಟಿಯಿದೆಯೇ, ಪ್ರೋಗ್ರಾಂ ಬರೆಯುವುದು ಇಷ್ಟವೇ, ಇವೆರಡನ್ನು ಕೇಳಿ. ಹೌದು ಎಂದರೆ ದಯವಿಟ್ಟು ತಡೆಯಬೇಡಿ.

ಪ್ರಶ್ನೆ: ರೇಡಿಯೋಥೆರಪಿ ಕೋರ್ಸ್ ಮಾಡುತ್ತಿದ್ದೇನೆ. ನಿಧಾನವಾದ ಎಲೆಕ್ಟ್ರಾನ್‌ಗಳೂ ಡಿಎನ್ಎ ಕತ್ತರಿಸುತ್ತವೆ ಎಂದರು. ಅಷ್ಟು ಕಡಿಮೆ ಶಕ್ತಿಯಲ್ಲಿ ಬಂಧ ಮುರಿಯುವುದು ಹೇಗೆ? (ವಿದ್ಯಾರ್ಥಿ, ಮಣಿಪಾಲ)

ಉತ್ತರ: ಕಿರಣದ ಒಂದು ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ದೇಹದಲ್ಲಿ ಇಳಿದರೆ ಹತ್ತಾರು ಸಾವಿರ ನಿಧಾನ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. 3ರಿಂದ 20 ಎಲೆಕ್ಟ್ರಾನ್ ವೋಲ್ಟಿನವು ಡಿಎನ್ಎ ಎಳೆಗಳನ್ನು ಮುರಿಯುತ್ತವೆ ಎಂದು ಕೆನಡಾದ ಲಿಯಾನ್ ಸಾಂಶ್ ಅವರ ತಂಡ 2000ರಲ್ಲಿ ತೋರಿಸಿತು. ಇನ್ನೂ ಕಡಿಮೆ ಶಕ್ತಿಯವು ಏನು ಮಾಡುತ್ತವೆ ಎಂಬುದರ ಮೇಲೆ ಸೈಮನ್ಸ್ ಅವರ ಗುಂಪು ಲೆಕ್ಕ ಮಾಡಿತು. ಎಲೆಕ್ಟ್ರಾನ್ ಮೊದಲು ಡಿಎನ್ಎಯ ಬೇಸ್ ಎಂಬ ಘಟಕದ ಮೇಲೆ ಕೂರುತ್ತದೆ. ಅಲ್ಲಿಂದ ಸಕ್ಕರೆ ಮತ್ತು ಫಾಸ್ಫೇಟ್ ನಡುವಿನ ಕಾರ್ಬನ್-ಆಕ್ಸಿಜನ್ ಬಂಧಕ್ಕೆ ದಾಟುತ್ತದೆ, ಬಂಧ ಎಳೆದು ಮುರಿಯುತ್ತದೆ. ಈ ಬಂಧಕ್ಕೆ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಬೇಕು ನಿಜ. ಆದರೆ ಬಿಡಿಯಾದ ಫಾಸ್ಫೇಟ್ ತುಣುಕು ಎಲೆಕ್ಟ್ರಾನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಆ ಹಿಡಿತದಿಂದ ಬಿಡುಗಡೆಯಾಗುವ ಶಕ್ತಿಯೇ ಮುರಿಯುವ ಖರ್ಚನ್ನು ತುಂಬಿಕೊಡುತ್ತದೆ. ನಿಮ್ಮ ಮೇಷ್ಟ್ರ ಬಳಿ ಈ ಹಂತವನ್ನು ಬಿಡಿಸಿ ಹೇಳಿಸಿಕೊಳ್ಳಿ. ಪರೀಕ್ಷೆಗೆ ಬರಲಿ ಬಿಡಲಿ, ನೀವು ನಾಳೆ ನಡೆಸುವ ಯಂತ್ರ ರೋಗಿಯ ಮೈಯೊಳಗೆ ಮಾಡುವ ಕೆಲಸಗಳಲ್ಲಿ ಇದೂ ಒಂದು.